ಪುಣೆದಾಗ ಹಿಪ್ನೋಥೆರಪಿ (ಸಮ್ಮೋಹನ ಚಿಕಿತ್ಸಾ) ಮಾಡಿಸ್ಕೊಂಡು ಸಿಗರೇಟ್, ವೇಪ್ (ಇ-ಸಿಗರೇಟ್) ಬಿಡೂದು: ರೊಕ್ಕಾ ಕೊಡೂಕಿಂತ ಮೊದ್ಲ ಇದನ್ನ ಓದ್ರಿ

ಮೊದ್ಲ ರೇಟಿಂಗ್ ಹೇಳಿಬಿಡ್ತೇನಿ, ಐದಕ್ಕ ಮೂರು. ಥೆರಪಿಸ್ಟ್ ಮ್ಯಾಡಂಗ ನಾಲ್ಕು ಕೊಡಬಹುದು, ಆದ್ರ ರಿಸೆಪ್ಶನ್‌ಗೆ ಮತ್ತ ಅವರ ಪ್ಯಾಕೇಜ್‌ಗೆ ಒಂದು ಕೊಟ್ರೂ ಜಾಸ್ತಿನ, ಅದಕ್ಕ ಒಟ್ಟು ಕೂಡಿಸಿ ಮೂರು. ಕ್ಲಿನಿಕ್ ಹೆಸ್ರು ಹಾಕೂದಿಲ್ಲ, ಕೋಥ್ರೂಡ್ ಕಡೆ ಅದ ಅಂತ ಅಷ್ಟ ಇಟ್ಕೋರಿ, ಯಾಕಂದ್ರ ಈ ಧಂದಾದಾಗ ಇರೋರ ಜಾಹೀರಾತು ನೋಡಿದ್ರ ಎಲ್ಲಾರದೂ ಒಂದ ನಮೂನಿ ಮಾತು, "ಒಂದೇ ಸೆಷನ್‌ನ್ಯಾಗ ಸಿಗರೇಟ್ ಬಿಡಿಸ್ತೇವಿ, ಔಷಧ ಬ್ಯಾಡ, ಗುಳಿಗಿ ಬ್ಯಾಡ", ಹಂಗಾಗಿ ನಾ ಹೇಳೂದು ಬ್ಯಾರೆ ಕಡೆ ಹೋಗೋರಿಗೂ ಉಪಯೋಗ ಆಗ್ತದ. ಓದ್ಲಿಕ್ಕೆ ಟೈಮ್ ಇಲ್ಲದವ್ರಿಗೆ ಒಂದ ಸಾಲಿನ್ಯಾಗ ಹೇಳ್ತೇನಿ: ಸಿಗರೇಟ್ ಕಡೆ ತಾನಾಗೇ ಹೋಗೋ ಕೈಯನ್ನ ಹಿಪ್ನೋಥೆರಪಿ ತಡೀತದ, ಮೈಯಾಗ ಕೂತ ನಿಕೋಟಿನ್‌ಗೆ ಅದರಿಂದ ಏನೂ ಆಗೂದಿಲ್ಲ, ಮತ್ತ ಇವೆರಡಕ್ಕೂ ಅವರು ಒಂದ ಬಿಲ್ ಹಚ್ತಾರ.

ನನ್ನ ಹಕೀಕತ್ ಸ್ವಲ್ಪ ಹೇಳಬೇಕು, ಇಲ್ಲಂದ್ರ ಮುಂದಿಂದು ತಿಳಿಯೂದಿಲ್ಲ. ಊರು ಧಾರವಾಡ, ಕೆಲಸ ಪುಣೆದ ಐಟಿ ಕಂಪನಿಗಳಿರೋ ಹಿಂಜೆವಾಡಿ. ಹಿಂಜೆವಾಡಿ ಅಂದ್ಮ್ಯಾಲ ಟಪರಿ, ಅಂದ್ರ ಚಹಾದ ಗೂಡಂಗಡಿ, ಬಂತು, ಟಪರಿ ಅಂದ್ಮ್ಯಾಲ ಚಾಯ್-ಸುಟ್ಟಾ ಬಂತು, ಅದರಾಗ ಹೊಸಾದು ಏನಿಲ್ಲ. ಅಪ್ರೈಸಲ್ ಯಾರಿಗೆ ಎಷ್ಟು ಆತು, ಮ್ಯಾನೇಜರ್ ಯಾವಾಗ ಬಿಡ್ತಾನ, ಎಲ್ಲಾ ಸುದ್ದಿ ಸಿಗೂದು ಅಲ್ಲೇ, ಸೇದದೇ ಇರಾಂವ ಆಫೀಸ್ ಸುದ್ದಿಯಾಗ ಎರಡು ದಿನ ಹಿಂದ ಇರ್ತಾನ. ವೇಪ್ ಬಂದಿದ್ದು ಲಾಕ್‌ಡೌನ್‌ನ್ಯಾಗ. ಮನ್ಯಾಗ ಸಿಗರೇಟ್ ಸೇದಿದ್ರ ನಮ್ಮಾಕಿ ಬಾಲ್ಕನಿ ಬಾಗಿಲಾ ಹಾಕ್ಕೊಂಡು ಬಿಡ್ತಿದ್ಲು, ವೇಪ್‌ಗೆ ವಾಸನಿ ಇಲ್ಲ, ಇದ್ರೂ ಮಾವಿನಹಣ್ಣಿಂದು, ಹಂಗಾಗಿ ಮೀಟಿಂಗ್‌ನ್ಯಾಗ ಕ್ಯಾಮೆರಾ ಬಂದ್ ಮಾಡಿ ಎಳಿಯೂದು, ಬಚ್ಚಲದಾಗ ಎಳಿಯೂದು, ರಾತ್ರಿ ಎಚ್ಚರ ಆದ್ರ ದಿಂಬಿನ ಕೆಳಗ ಕೈ ಹಾಕಿ ಎಳಿಯೂದು. ಸಿಗರೇಟ್ ಒಂದು ಮುಗದ್ರ ಮುಗೀತು, ಆರಿಸಿ ಎದ್ದು ಬರ್ತೀರಿ. ವೇಪ್ ಮುಗಿಯೂದ ಇಲ್ಲ. ಎಷ್ಟು ಸೇದ್ತೀರಿ ಅಂತ ಯಾರರ ಕೇಳಿದ್ರ ಹೇಳ್ಲಿಕ್ಕೆ ಲೆಕ್ಕಾನ ಸಿಗೂದಿಲ್ಲ.

ನಮ್ಮ ದೇಶದಾಗ ವೇಪ್ ಮಾರೂದು 2019ರಿಂದ ಕಾಯ್ದೆ ಪ್ರಕಾರ ಗುನ್ಹೆ, ಮೊದಲನೇ ಸಲ ಸಿಕ್ರ ಒಂದು ವರ್ಷದ ತನಕಾ ಜೇಲು ಇಲ್ಲಾ ಒಂದು ಲಕ್ಷದ ತನಕಾ ದಂಡ, ಇಲ್ಲಾ ಎರಡೂ. ಆದ್ರೂ ಪುಣೆದಾಗ ಯಾವ ಕಾಲೇಜ್ ಹುಡುಗನ್ನ ಬೇಕಾದ್ರ ಕೇಳ್ರಿ, ತಂದು ಕೊಡ್ತಾನ. ಕದ್ದು ಬರೋ ಮಾಲು ಆದ್ದರಿಂದ ಅದರ ಮ್ಯಾಲ 5 ಪರ್ಸೆಂಟ್ ನಿಕೋಟಿನ್ ಅಂತ ಬರದದ್ದು ಖರೇನೋ ಸುಳ್ಳೋ ದೇವರಿಗೇ ಗೊತ್ತು, ಎಚ್ಚರಿಕೆ ಚಿತ್ರ ಇಲ್ಲ, ಏನೂ ಇಲ್ಲ. ಸಿಗರೇಟ್ ಪಾಕೀಟಿನ ಮ್ಯಾಲ ದೊಡ್ಡ ಚಿತ್ರ ಮತ್ತ ಬಿಡಬೇಕನ್ನೋರಿಗೆ ಕ್ವಿಟ್‌ಲೈನ್ ನಂಬರ್ ಎರಡೂ ಇರ್ತಾವ, 2018ರಿಂದ ನಂಬರ್ ಹಾಕ್ಲಿಕ್ಕೆ ಶುರು ಮಾಡ್ಯಾರ, ಆದ್ರ ಅದನ್ನ ನೋಡಾವ್ರು ಯಾರು? ಟಪರಿಯೊಳಗ ನಾವು ತಗೊಳ್ಳೂದು ಬಿಡಿ ಸಿಗರೇಟು, ಪಾಕೀಟು ಇರೂದು ಅಂಗಡಿಯವನ ಕೈಯಾಗ. ಮಹಾರಾಷ್ಟ್ರದಾಗ ಬಿಡಿ ಸಿಗರೇಟ್ ಮಾರಬಾರದು ಅಂತ 2020ರಾಗ ಆದೇಶ ಬಂದದ, ಟಪರಿಯವಗ ಅದನ್ನ ಹೇಳಿದ್ರ "ಕಾಯ್ ಸಾಹೇಬ್" ಅಂತ ನಕ್ಕು ಲೈಟರ್ ಮುಂದ ಹಿಡಿತಾನ. ಅಂದ್ರ ವರ್ಷಗಟ್ಟಲೆ ಸೇದಿದ ಮನಷ್ಯಾಗ ಆ ಪುಕ್ಕಟ ನಂಬರ್ ಕಣ್ಣಿಗೆ ಬೀಳೂದ ಇಲ್ಲ, ಆದ್ರ ಇನ್‌ಸ್ಟಾಗ್ರಾಂನ್ಯಾಗ ಹಿಪ್ನೋಥೆರಪಿ ಜಾಹೀರಾತು ದಿನಾ ಬೀಳ್ತದ. ನಾನೂ ಹಂಗ ಅಲ್ಲಿ ಹೋಗಿ ಕೂತೆ.

ಫೋನ್ ಮಾಡಿದ್ರ ಎತ್ತಿದ ಹುಡುಗಿ ನನ್ನ ತ್ರಾಸ್ ಏನು ಅಂತ ಕೇಳೂಕಿಂತ ಮೊದ್ಲ ಪ್ಯಾಕೇಜ್ ಹೇಳಿದ್ಲು. ಒಂದು ಸೆಷನ್ 3,500, ನಾಲ್ಕರ ಪ್ಯಾಕೇಜ್ 12,000, "ಲೈಫ್‌ಟೈಮ್ ಗ್ಯಾರಂಟಿ" ಬೇಕಂದ್ರ ಪ್ಯಾಕೇಜ್ ತಗೊಳ್ಳಬೇಕು. ಗ್ಯಾರಂಟಿ ಅಂದ್ರ ರೊಕ್ಕಾ ವಾಪಸ್ ಏನ್ರಿ ಅಂದ್ರ, ಇಲ್ಲ ಸರ್, ಮತ್ತ ಸೇದ್ಲಿಕ್ಕೆ ಹತ್ತಿದ್ರ ಇನ್ನೊಂದು ಸೆಷನ್ ಫ್ರೀ ಅಂತ. ಅಂದ್ರ ಔಷಧ ನಾಟಲಿಲ್ಲ ಅಂದ್ರ ಅದೇ ಔಷಧ ಇನ್ನೊಮ್ಮೆ ಕೊಡ್ತಾರ. ನಾ ಒಂದ ಸೆಷನ್‌ಗೆ ರೊಕ್ಕಾ ಕಟ್ಟಿದೆ, ನೀವೂ ಹಂಗ ಮಾಡ್ರಿ, ಅವರು ಎಷ್ಟ ಒತ್ತಾಯ ಮಾಡ್ಲಿ. ಫಾರ್ಮ್ ತುಂಬಲಿಕ್ಕೆ ಕೊಟ್ರು, ಅದರಾಗ ದಿನಕ್ಕ ಎಷ್ಟು ಸಿಗರೇಟು, ಎಷ್ಟು ವರ್ಷದಿಂದ, ಮನ್ಯಾಗ ಯಾರಿಗರ ಕ್ಯಾನ್ಸರ್ ಅದ ಏನು, ಇವೆಲ್ಲಾ ಇದ್ದು, ವೇಪ್‌ಗೆ ಒಂದು ಕಾಲಂ ಇಲ್ಲ. ಕೇಳಿದ್ರ "ಸರ್, ಸಿಗರೇಟ್ ಕಾಲಂನಲ್ಲೇ ಅಂದಾಜು ಹಾಕಿ" ಅಂದ್ಲು. ಏನಂತ ಹಾಕ್ಲಿ, ದಿನಕ್ಕ ಒಂದು ಮಾವಿನಹಣ್ಣು ಅಂತ ಹಾಕ್ಲೇನು? ಇದು ಸಣ್ಣ ಮಾತು ಅನ್ನಿಸ್ತದ, ಆದ್ರ ಮುಂದಿಂದೆಲ್ಲಾ ತ್ರಾಸ್ ಇಲ್ಲಿಂದನ ಶುರು.

ಒಳಗಿನ ಸೆಷನ್ ಮಾತ್ರ ನಾ ಅಂದ್ಕೊಂಡಿದ್ಕಿಂತ ಛಲೋ ಇತ್ತು. ನನ್ನ ತಲ್ಯಾಗ ಇದ್ದಿದ್ದು ಜಾತ್ರಿಯಾಗ ಮಾಡೋ ಸಮ್ಮೋಹನ, ಕೈಗಡಿಯಾರ ತೂಗಾಡಿಸೂದು, ಸ್ಟೇಜ್ ಮ್ಯಾಲ ಮಂದೀನ ಕೋಳಿ ಮಾಡೂದು. ಹಂಗೇನೂ ಇಲ್ಲ. ಒಂದು ರಿಕ್ಲೈನರ್, ಒಂದು ಎಸಿ, ಛತ್ತಿನ ಮ್ಯಾಲ ಒಂದು ಕೆಂಪು ಟಿಕಳಿ, ಖರೇನ ಹಣಿಗೆ ಹಚ್ಕೊಳ್ಳೋ ಟಿಕಳಿನ, ಅದನ್ನ ನೋಡ್ಕೋತ ಇರ್ರಿ ಅಂದ್ರು. ಮ್ಯಾಡಂ ಮರಾಠಿಯವರು, ಐವತ್ತರ ಹತ್ತಹತ್ರ ವಯಸ್ಸು, ಹಿಂದಿ ಇಂಗ್ಲಿಷ್ ಕಲಸಿ ಮಾತಾಡ್ತಾರ, ಗಡಿಬಿಡಿ ಇಲ್ಲ. ಮೊದ್ಲ ಪರೀಕ್ಷಾ ಮಾಡಿದ್ರು: ಕಣ್ಣು ಮುಚ್ಚಿ ನಿಂಬಿಹಣ್ಣು ಹೆಚ್ಚೂದನ್ನ ನೆನಿಸ್ಕೋರಿ ಅಂದ್ರು, ಬಾಯಾಗ ನೀರು ಬಂತು. ಎರಡೂ ಅಂಗೈ ಎದುರಾಬದುರು ಹಿಡೀರಿ, ನಡುವ ಅಯಸ್ಕಾಂತ ಅದ ಅಂದ್ಕೋರಿ ಅಂದ್ರು, ಕೈ ಸ್ವಲ್ಪ ಸ್ವಲ್ಪ ಹತ್ರ ಬಂದ್ವು, ಪೂರ್ತಿ ಕೂಡಲಿಲ್ಲ. "ನೀವು ಮಧ್ಯಮ" ಅಂದ್ರು. ಎಲ್ಲಾರೂ ಒಂದ ನಮೂನಿ ಹಿಪ್ನಾಟೈಸ್ ಆಗೂದಿಲ್ಲ, ಕೆಲವರು ಗಪ್ಪನ ಒಳಗ ಹೋಗ್ತಾರ, ಕೆಲವರಿಗೆ ಏನೂ ಆಗೂದಿಲ್ಲ, ಬಾಕಿ ಮಂದಿ ನಡುವ ಇರ್ತಾರ, ಇದನ್ನ ಅಳೀಲಿಕ್ಕೆ ಸ್ಟ್ಯಾನ್‌ಫರ್ಡ್‌ನ್ಯಾಗ 1959ರಾಗನ ಒಂದು ಸ್ಕೇಲ್ ಮಾಡಿ ಇಟ್ಟಾರ. ಇದನ್ನ ಬಾಯಿಬಿಟ್ಟು ಹೇಳೋ ಥೆರಪಿಸ್ಟ್ ಸಿಕ್ರ ಅವರು ಪ್ರಾಮಾಣಿಕರು ಅಂತ ತಿಳ್ಕೋರಿ, ಜಾಹೀರಾತಿನ್ಯಾಗ ಮಾತ್ರ ಇದು ಎಂದೂ ಬರೂದಿಲ್ಲ.

ಆಮ್ಯಾಲ ಇಪ್ಪತ್ತರಿಂದ ಒಂದರ ತನಕಾ ಇಳಿಯೂದು, ಒಂದೊಂದು ಅಂಕಿಗೆ ಒಂದೊಂದು ಮೆಟ್ಲು. ನಾ ಹನ್ನೆರಡನೇ ಮೆಟ್ಲಿನ್ಯಾಗ ಇದ್ದಾಗ ಕೆಳಗ ರಸ್ತೆದಾಗ ಗುಜರಿ ಸಾಮಾನು ಕೊಳ್ಳೋ ಭಂಗಾರ್‌ವಾಲಾ ಬಂದ, ಸ್ಪೀಕರ್ ಹಚ್ಕೊಂಡು "ಭಂಗಾರ್, ರದ್ದೀ, ಜುನಾ ಫ್ರಿಜ್" ಅಂತ. ಮುಗೀತು ಇನ್ನ, 3,500 ನೀರಾಗ ಹೋತು ಅಂದ್ಕೊಂಡೆ. ಮ್ಯಾಡಂ ದನಿ ಒಂಚೂರೂ ಬದಲಾಗಲಿಲ್ಲ, "ಹೊರಗಿನ ಸಪ್ಪಳಾ ಬರ್ಲಿ, ಅದು ದೂರ ಹೋದಷ್ಟೂ ನೀವು ಒಳಗ ಹೋಗ್ತೀರಿ" ಅಂದ್ರು, ಮತ್ತ ಆ ಭಂಗಾರ್‌ವಾಲಾ ಗಲ್ಲಿ ದಾಟಿ ದೂರ ಹೋಗೂದನ್ನ ಕೇಳ್ಕೋತ ನಾ ಖರೇನ ಒಳಗ ಹ್ವಾದೆ. ನಿದ್ದಿ ಅಲ್ಲ, ಅದನ್ನ ಸ್ಪಷ್ಟ ಹೇಳ್ತೇನಿ, ಎಲ್ಲಾ ಕೇಳಿಸ್ತದ, ಬೇಕಂದ್ರ ಎದ್ದು ಬರಬಹುದು, ಆದ್ರ ಏಳೂದು ಬ್ಯಾಡ ಅನ್ನಿಸ್ತದ. ಮಧ್ಯಾಹ್ನ ಊಟ ಆಗಿ ಚಾಪಿ ಮ್ಯಾಲ ಬಿದ್ದು, ಅಡಗಿಮನಿಯಾಗ ಮಂದಿ ಮಾತಾಡೂದು ಕೇಳ್ಕೋತ ಇರ್ತೀವಲ್ಲ, ಹಂಗ.

ನಂಗ ಭಾಳ ಹಿಡಿಸಿದ್ದು ಭಾಷಾದ ವಿಷಯ. ಮ್ಯಾಡಂ ಮೊದ್ಲ ಹೇಳಿದ ಸಜೆಶನ್‌ಗಳೆಲ್ಲಾ, ಅಂದ್ರ ಮನಸಿನ್ಯಾಗ ಇಳೀಲಿ ಅಂತ ಹೇಳೋ ಸಾಲು, ಹಿಂದಿಯೊಳಗ, ಕಿವಿಗೆ ಹತ್ತಿದ್ವು, ಒಳಗ ಇಳೀಲಿಲ್ಲ, ರೈಲ್ವೆ ಅನೌನ್ಸ್‌ಮೆಂಟ್ ಕೇಳಿದಂಗ. ಎದ್ದ ಮ್ಯಾಲ ಹೇಳಿದೆ. ಸಿಟ್ಟಿಗೇಳಲಿಲ್ಲ, "ನೀವು ಸಿಟ್ಟು ಬಂದಾಗ ಯಾವ ಭಾಷಾದಾಗ ಬೈತೀರಿ?" ಅಂತ ಕೇಳಿದ್ರು. ಕನ್ನಡದಾಗ ಅಂದೆ. ಹಂಗಾದ್ರ ನಿಮ್ಮ ಸಾಲು ನೀವ ಕನ್ನಡದಾಗ ಬರೀರಿ, ಮೂರು ಸಾಲಿಗಿಂತ ಹೆಚ್ಚು ಬ್ಯಾಡ, ಅದರಾಗ "ಇಲ್ಲ, ಬ್ಯಾಡ, ಬಿಡ್ತೇನಿ" ಬರಬಾರದು ಅಂದ್ರು. ನಾ "ಸಿಗರೇಟ್ ಸೇದೂದಿಲ್ಲ" ಅಂತ ಬರದಿದ್ದೆ, ಅರ್ಥ ಕೇಳಿ ಹೊಡದು ಹಾಕಿದ್ರು, ಆ ಸಾಲು ಕೇಳಿದ ಕೂಡ್ಲೆ ಮನಸಿನ್ಯಾಗ ಸಿಗರೇಟ್ ಬರ್ತದಲ್ಲ ಅಂದ್ರು. ಕಡಿಗೆ ನಿಂತ ಸಾಲು "ಚಹಾ ಅಷ್ಟ ಸಾಕು". ಹೆಬ್ಬೆಟ್ಟು ತೋರುಬೆಟ್ಟು ಎರಡೂ ಒತ್ತಿ ಹಿಡಿದು, ಉಸಿರು ಬಿಟ್ಕೋತ ಇದನ್ನ ಮನಸಿನ್ಯಾಗ ಹೇಳ್ಕೊಳ್ಳೂದು, ದಿನಾ ಮುಂಜಾನಿ ರಾತ್ರಿ ಮನ್ಯಾಗ ಪ್ರಾಕ್ಟೀಸ್. ಮನ್ಯಾಗ ಇದನ್ನ ನೋಡಿ ನಮ್ಮಾಕಿ, "ಮೂರೂವರಿ ಸಾವಿರ ಕೊಟ್ಟು ನಿದ್ದಿ ಮಾಡಿ ಬಂದ್ರೇನ್ರಿ? ಅದನ್ನ ಇಲ್ಲೇ ಪುಕ್ಕಟ ಮಾಡ್ತಿದ್ರೆಲ್ಲಾ" ಅಂದ್ಲು.

ಫಲಾ ಏನಾತು ಅಂದ್ರ, ಸಿಗರೇಟ್ ನಿಂತ್ವು. ಖರೇ ಹೇಳ್ತೇನಿ, ನಂಗ ನಂಬಿಕಿ ಇರಲಿಲ್ಲ. ಟಪರಿಗೆ ಹೋಗೂದು ಬಿಟ್ಟಿಲ್ಲ, ಅಲ್ಲೇ ನಿಂತು ಚಹಾ ಕುಡಿತೇನಿ, ಬಾಜೂಕ ನಮ್ಮ ವಿಜಾಪುರದ ಗೆಳ್ಯಾ ಹೊಗಿ ಬಿಡ್ತಿರ್ತಾನ, "ಲೇ, ಯಾವ ಮಂತ್ರವಾದಿ ಕಡೆ ಹೋಗಿ ಬಂದಿಲೇ" ಅಂತ ಚಾಷ್ಟಿ ಮಾಡ್ತಾನ, ಕೈ ಮಾತ್ರ ಮುಂದ ಹೋಗೂದಿಲ್ಲ. ಊರಿಗೆ ಹೋಗುವಾಗ ಬಸ್ಸು ನಿಪ್ಪಾಣಿ ದಾಟ್ತದ, ಬೀಡಿ ತಂಬಾಕಿನ ಪ್ಯಾಟಿ ಅದು, ಸುಗ್ಗಿಯೊಳಗ ಆ ಖಾರನ ವಾಸನಿ ಬಸ್ಸಿನೊಳಗ ಬರ್ತದ. ಮುಂದ ಢಾಬಾದ ಹತ್ರ ಬಸ್ ನಿಂತ್ರ ಅರ್ಧ ಬಸ್ಸು ಇಳದು ಹಚ್ಕೋತದ, ಅಲ್ಲಿ ನಿಂತು ಎರಡು ಬೆಟ್ಟು ಒತ್ತಿದೆ, ಚಹಾ ಕುಡದೆ, ಹತ್ತಿ ಕೂತೆ. ಇಷ್ಟಕ್ಕ ಆ ಮ್ಯಾಡಂಗ ನಾಲ್ಕು ಸ್ಟಾರ್.

ಆದ್ರ ವೇಪ್? ವೇಪ್ ಒಂದು ಕೂದ್ಲಾನೂ ಅಲುಗಾಡಲಿಲ್ಲ. ಸಿಗರೇಟ್ ನಿಂತ ಮ್ಯಾಲ ಮೊದ್ಲಿನಕಿಂತ ಹೆಚ್ಚ ಆತು. ಯಾಕ ಅಂತ ವಿಚಾರ ಮಾಡಿದ್ರ ಕಾರಣ ಕಣ್ಣ ಮುಂದ ಅದ. ಸೆಷನ್‌ನ್ಯಾಗ ಆಕಿ ಹೇಳೂದೆಲ್ಲಾ ಸಿಗರೇಟಿನ ಸಾಮಾನು: ಬೂದಿ, ಹಳದಿ ಆದ ಬೆಟ್ಟು, ಅಂಗಿಗೆ ಹಿಡಿದ ನಾತ, ಊಟ ಆದ ಮ್ಯಾಲ ಎದ್ದು ಹೋಗೂದು. ವೇಪ್‌ಗೆ ಬೂದಿ ಇಲ್ಲ, ನಾತ ಇಲ್ಲ, ಎದ್ದು ಹೋಗೂದು ಇಲ್ಲ. ಆ ಹೊತ್ತು ಈ ಹೊತ್ತು ಅಂತ ಇಲ್ಲದ್ದನ್ನ ಯಾವ ಹೊತ್ತಿಗೆ ಅಂತ ತಡೀತೀರಿ? ಮ್ಯಾಲ, ಎಳದ ನಿಕೋಟಿನ್ ಮಿದುಳಿಗೆ ಮುಟ್ಟಲಿಕ್ಕೆ ಹತ್ತಿಪ್ಪತ್ತು ಸೆಕೆಂಡ್ ಸಾಕು, ಎರಡು ತಾಸಿನ್ಯಾಗ ರಕ್ತದಾಗ ಅರ್ಧ ಇಳೀತದ, ಅದಕ್ಕ ಮುಂಜಾನಿ ಕಣ್ಣು ತೆಗಿಯೂದ ತಡ ದಿಂಬಿನ ಕೆಳಗ ಕೈ ಹೋಗೂದು. ಅದು ಚಟ ಅಷ್ಟ ಅಲ್ಲ, ಮೈ ಹಸದಿರ್ತದ. "ಚಹಾ ಅಷ್ಟ ಸಾಕು" ಅಂತ ಮನಸಿಗೆ ಹೇಳಬಹುದು, ಹಸದ ಮೈಗೆ ಹೆಂಗ ಹೇಳೂದು. ಬಿಟ್ಟ ಮ್ಯಾಲ ತ್ರಾಸ್ ಹೆಚ್ಚಿರೂದು ಮೊದ್ಲಿನ ಎರಡು ಮೂರು ದಿನ, ಆಮ್ಯಾಲ ಎರಡರಿಂದ ನಾಲ್ಕು ವಾರದೊಳಗ ಇಳೀತದ, ಕ್ಲಿನಿಕ್‌ನವರು ಮುಂದಿನ ಅಪಾಯಿಂಟ್‌ಮೆಂಟ್ ಕೊಡೂದು ಒಂದು ವಾರ ಬಿಟ್ಟು! ಆ ನಡುವಿನ ದಿನದಾಗ "ಹೆಂಗ ಅದೀರಿ" ಅಂತ ಒಂದು ಫೋನ್ ಇಲ್ಲ, ಆದ್ರ ವೇಟ್ ಲಾಸ್ ಹಿಪ್ನೋ ಆಫರ್ ವಾಟ್ಸಾಪ್‌ನ್ಯಾಗ ಎರಡ ಸಲ ಬಂತು.

ಇನ್ನ ಒಂದು ಮೀಟರ್ ವಿಷಯ. ಎರಡನೇ ಸಲ ಹೋದಾಗ ರಿಸೆಪ್ಶನ್‌ನ್ಯಾಗ ಒಂದು ಸಣ್ಣ ಮಶೀನ್‌ಗೆ ಊದಿಸಿದ್ರು, ಉಸಿರಿನ್ಯಾಗ ಕಾರ್ಬನ್ ಮೊನಾಕ್ಸೈಡ್ ಎಷ್ಟದ ನೋಡೋ ಮೀಟರ್. 2 ತೋರಿಸ್ತು. ಹುಡುಗಿ ಚಪ್ಪಾಳಿ ತಟ್ಟಿ "ಕಾಂಗ್ರಾಟ್ಸ್ ಸರ್, ಸ್ಮೋಕ್ ಫ್ರೀ" ಅಂತ ಒಂದು ಸರ್ಟಿಫಿಕೇಟ್ ಹಿಡದು ಫೋಟೋಕ್ಕ ನಿಲ್ಲರಿ ಅಂದ್ಲು, ಅವರ ಪೇಜಿಗೆ ಹಾಕ್ಲಿಕ್ಕೆ. ನನ್ನ ಪ್ಯಾಂಟಿನ ಕಿಸೆದಾಗ ವೇಪ್ ಇನ್ನೂ ಬೆಚ್ಚಗ ಇತ್ತು. ಕೆಳಗ ಗಾಡಿ ಹಚ್ಚುವಾಗ ಎಳದು ಬಂದಿದ್ದೆ. ವಿಷಯ ಏನಂದ್ರ ಆ ಗ್ಯಾಸ್ ಬರೂದು ಎಲಿ ಸುಟ್ರ, ವೇಪ್‌ನ್ಯಾಗ ಏನೂ ಸುಡೂದಿಲ್ಲ, ಕಾಯಿಸಿ ಆವಿ ಮಾಡ್ತದ ಅಷ್ಟ, ಹಂಗಾಗಿ ಇಡೀ ದಿನ ವೇಪ್ ಎಳಿಯಾಂವ ಊದಿದ್ರೂ ಮೀಟರ್ ಗಪ್ ಕೂಡ್ತದ. ಮೂತ್ರದಾಗ ಕೊಟಿನಿನ್ ಅಂತ ಒಂದು ಅದ, ನಿಕೋಟಿನ್ ಒಡದು ಆಗೂದು, ಅದನ್ನ ತಪಾಸ್ ಮಾಡಿದ್ರ ವೇಪ್ ಸಿಗ್ತದ, ಆದ್ರ ನಿಕೋಟಿನ್ ಗಮ್ ಅಗಿಯಾವರಿಗೂ ಅದು ಬರ್ತದ. ಅಂದ್ರ ಈ ಕ್ಲಿನಿಕ್‌ನ "ಸಕ್ಸೆಸ್" ಲೆಕ್ಕದಾಗ ನನ್ನಂಥಾವ್ರು ಎಷ್ಟು ಮಂದಿ ಅದಾರೋ. ಫೋಟೋ ತಗೀಲಿಕ್ಕೆ ಬಿಡಲಿಲ್ಲ.

ಒಳಗ ಹೋಗಿ ಮ್ಯಾಡಂ ಮುಂದ ವೇಪ್ ತಗದು ಟೇಬಲ್ ಮ್ಯಾಲ ಇಟ್ಟೆ. ಆಕಿ ಅದನ್ನ ಕೈಯಾಗ ತಿರುಗಿಸಿ ನೋಡಿ, ಎಲ್ಲಿ ಇಡ್ತೀರಿ, ಎಷ್ಟೊತ್ತಿಗೆ ಮೊದ್ಲನೇದು, ರಾತ್ರಿ ಏಳ್ತೀರೇನು, ಇವನ್ನೆಲ್ಲಾ ಕೇಳಿದ್ರು, ಇದೇ ಪ್ರಶ್ನಿ ಫಾರ್ಮಿನ್ಯಾಗ ಇದ್ದಿದ್ರ ಏನಾಗ್ತಿತ್ತು. ಆಮ್ಯಾಲ ನೆಟ್ಟಗ ಹೇಳಿದ್ರು, "ದಿಂಬಿನ ಕಡೆ ಹೋಗೋ ಕೈಗೆ ನಾ ಏನರ ಮಾಡಬಹುದು, ನಿಕೋಟಿನ್ ಇಳಿಸೂದು ನನ್ನ ಕೆಲಸ ಅಲ್ಲ, ಚೆಸ್ಟ್ ಡಾಕ್ಟರ್ ಕಡೆ ಹೋಗ್ರಿ." ಹೊರಗಿನ ಬೋರ್ಡಿನ ಮ್ಯಾಲ ಬರದಿದ್ದು ಬ್ಯಾರೆ, ಆದ್ರೂ ಕೂತು ಮಾತಾಡೋರು ಇಷ್ಟರ ಹೇಳಿದ್ರಲ್ಲ.

ಮನಿಗೆ ಬಂದು ಓದ್ಲಿಕ್ಕೆ ಕೂತೆ. ಹಿಪ್ನಾಸಿಸ್ ಹೊಸಾ ಫ್ಯಾಷನ್ ಏನಲ್ಲ, 1845ರಾಗ ಬಂಗಾಲದ ಹೂಗ್ಲಿಯೊಳಗ ಜೇಮ್ಸ್ ಎಸ್ಡೇಲ್ ಅನ್ನೋ ಡಾಕ್ಟರ್, ಇನ್ನೂ ಕ್ಲೋರೋಫಾರ್ಮ್ ಬಂದಿರಲಿಲ್ಲ ಆಗ, ಮಂದೀನ ಹಿಂಗ ಮಲಗಿಸಿ ಆಪರೇಶನ್ ಮಾಡ್ಲಿಕ್ಕೆ ಶುರು ಮಾಡಿದ್ದ. ಸಿಗರೇಟಿಗೆ "ಒಂದೇ ಸೆಷನ್" ಅನ್ನೋದು ಅಮೇರಿಕಾದ ಹರ್ಬರ್ಟ್ ಸ್ಪೀಗಲ್ ಅನ್ನೋ ಸೈಕಿಯಾಟ್ರಿಸ್ಟ್ 1970ರಾಗ ಬರದಿದ್ದು. ಅದರಾಗ ಇರೂದು ಇಷ್ಟ: ಹೊಗಿ ನಿನ್ನ ಮೈಗೆ ವಿಷ, ಬದುಕಲಿಕ್ಕೆ ಮೈ ಬೇಕು, ಅದನ್ನ ಕಾಯೂದು ನಿನ್ನ ಹೊಣಿ, ಇದನ್ನ ಕಲಿಸಿಕೊಟ್ಟು ಮನಿಗೆ ಕಳಸ್ತಿದ್ದ, ಮುಂದ ದಿನಾ ತಾನ ಮಾಡ್ಕೋಬೇಕು. ಅಂದ್ರ ಒಂದ ಸೆಷನ್ ಅಂದ್ರ ಒಂದ ದಿನದ ಕೆಲಸ ಅಂತ ಅಲ್ಲ, ಜಾಹೀರಾತಿನವರು ಮೊದಲನೇ ಅರ್ಧ ಇಟ್ಕೊಂಡು ಎರಡನೇ ಅರ್ಧ ಬಿಟ್ಟಾರ. ಮತ್ತ ಪುರಾವೆ? ವೈದ್ಯಕೀಯ ಅಧ್ಯಯನಗಳನ್ನ ಕೂಡಿಸಿ ತೂಗಿ ನೋಡೋ ಕಾಕ್ರೇನ್ ಸಂಸ್ಥಾದವರು 2019ರಾಗ 14 ಅಧ್ಯಯನ, 1,926 ಮಂದೀದು ಕೂಡಿಸಿ ನೋಡ್ಯಾರ, ಬ್ಯಾರೆ ಕೌನ್ಸೆಲಿಂಗ್‌ಕಿಂತ ಇಲ್ಲಾ ತಾವ ತಾವ ಬಿಡೋರಕಿಂತ ಹಿಪ್ನೋಥೆರಪಿ ಹೆಚ್ಚಿಂದು ಅಂತ ಹೇಳ್ಲಿಕ್ಕೆ ಪುರಾವೆ ಸಾಲೂದಿಲ್ಲ ಅಂದಾರ. ಉಪಯೋಗ ಇಲ್ಲಂತ ಅಲ್ಲ, ಹೆಚ್ಚಿಂದು ಅಂತ ಸಿದ್ಧ ಆಗಿಲ್ಲ. "95% ಸಕ್ಸೆಸ್" ಅಂತ ಯಾರರ ಬೋರ್ಡ್ ಹಾಕಿದ್ರ ಅವರನ್ನ ಇದನ್ನ ಕೇಳ್ರಿ.

ಚೆಸ್ಟ್ ಡಾಕ್ಟ್ರು ಕೇಳಿದ ಮೊದ್ಲನೇ ಪ್ರಶ್ನಿ, ಎದ್ದ ಎಷ್ಟು ನಿಮಿಷಕ್ಕ ಎಳೀತೀರಿ. ಐದ ನಿಮಿಷದೊಳಗ ಅಂದ್ರ ಅವರ ಲೆಕ್ಕದಾಗ ಪೂರ್ತಿ ಮೂರು ಮಾರ್ಕು, ಫಾಗರ್‌ಸ್ಟ್ರೋಮ್ ಟೆಸ್ಟ್ ಅಂತ ಅದ, ಆರ ಪ್ರಶ್ನಿ, ಹತ್ತಕ್ಕ ಮಾರ್ಕು, ಹೆಚ್ಚು ಬಂದಷ್ಟೂ ಸುದ್ದಿ ಕೆಟ್ಟದ್ದು. ಅದೂ ಸಿಗರೇಟಿಗೆ ಮಾಡಿದ್ದ, ಆದ್ರ ಈ ಒಂದು ಪ್ರಶ್ನಿ ವೇಪ್‌ಗೂ ಹೊಂದ್ತದ. ನಿಕೋಟಿನ್ ಗಮ್ ಬರದುಕೊಟ್ರು. 2 ಎಂಜಿ ಗಮ್ ಚೀಟಿ ಇಲ್ಲದ ಮೆಡಿಕಲ್‌ನ್ಯಾಗ ಸಿಗ್ತದ, ಪಾನ್ ಫ್ಲೇವರ್ ಕೂಡ ಅದ. ಬೇಕಂದ್ರ ಗುಳಿಗಿನೂ ಇದ್ದಾವ, ವರೆನಿಕ್ಲಿನ್, ಬುಪ್ರೊಪಿಯಾನ್ ಅಂತ, ಅವನ್ನ ಡಾಕ್ಟ್ರು ನೋಡಿ ಕೊಡಬೇಕು, ನಾವಾಗೇ ತಗೊಳ್ಳೋ ಮಾಲಲ್ಲ.

ಗಮ್ ಅಗಿಯೂದು ಹೆಂಗ ಅಂತ ಹೇಳಿಕೊಟ್ಟಿದ್ದಕ್ಕ ಆ ಡಾಕ್ಟ್ರಿಗೆ ಫೀ ಸಾರ್ಥಕ. ನಾವೆಲ್ಲಾ ಅದನ್ನ ಬಬಲ್‌ಗಮ್ ಅಂತ ಅಗದು ನುಂಗ್ತೇವಿ, ಬಿಕ್ಕು ಹತ್ತತಾವ, ಎದಿ ಉರೀತದ, "ಏ ಇದೂ ನಾಟೂದಿಲ್ಲಪಾ" ಅಂತ ಒಗಿತೇವಿ. ಹಂಗಲ್ಲ. ನಿಧಾನ ನಾಕೈದು ಸಲ ಅಗಿಯೂದು, ನಾಲಿಗಿ ಚುರುಚುರು ಅಂತಿದ್ದಂಗ ಗಲ್ಲದ ಒಳಗ ಒತ್ತಿ ಇಡೂದು, ಚುರುಚುರು ನಿಂತ್ರ ಮತ್ತ ಅಗಿಯೂದು, ಹಿಂಗ ಅರ್ಧ ತಾಸು. ನಿಕೋಟಿನ್ ಇಳಿಯೂದು ಗಲ್ಲದ ಚರ್ಮದಿಂದ, ಹೊಟ್ಟಿಯಿಂದಲ್ಲ. ಮತ್ತ ಅದಕ್ಕಿಂತ ಹದಿನೈದು ನಿಮಿಷ ಮೊದ್ಲ ಚಹಾ ಕಾಫಿ ಕುಡೀಬಾರದು, ಬಾಯಿ ಹುಳಿ ಆದ್ರ ನಿಕೋಟಿನ್ ಇಳಿಯೂದಿಲ್ಲ. ಅಮೃತತುಲ್ಯ ಚಹಾದ ಊರಾಗ ಇದ್ದು ಈ ನಿಯಮ ಪಾಲಸೂದು ಅಂದ್ರ ಹಿಪ್ನಾಸಿಸ್‌ಕಿಂತ ಕಠಿಣ! ನಾ ಚಹಾದ ಟೈಮ್ ಬ್ಯಾರೆ, ಗಮ್ಮಿನ ಟೈಮ್ ಬ್ಯಾರೆ ಮಾಡಿಟ್ಟೆ. ಚಹಾಕ್ಕ ಮ್ಯಾಡಂ ಕಲಿಸಿದ ಎರಡು ಬೆಟ್ಟು, ಉಳದ ಹೊತ್ತಿಗೆ ಗಮ್. ಇವೆರಡೂ ಕೂಡಿದ ಮ್ಯಾಲ ವೇಪ್ ಸಡಿಲ ಆತು, ಮೊದ್ಲ ದಿಂಬಿನ ಕೆಳಗಿಂದ ಹೋತು, ಆಮ್ಯಾಲ ಆಫೀಸ್ ಬ್ಯಾಗಿನಿಂದ, ಈಗ ಮನ್ಯಾಗ ಇಲ್ಲ. ಗಮ್ ಇನ್ನೂ ಕಿಸೆದಾಗ ಅದ, ಡಾಕ್ಟ್ರು ಸಾವಕಾಶ ಇಳಿಸೋಣು ಅಂದಾರ.

ನಡುವ ಆ ಪಾಕೀಟಿನ ನಂಬರ್‌ಗೂ ಫೋನ್ ಮಾಡಿ ನೋಡಿದೆ, 1800-11-2356, ಪುಕ್ಕಟ. ಕನ್ನಡದಾಗನ ಮಾತಾಡಿದ್ರು, ಬೆಂಗಳೂರಿನ ನಿಮ್ಹಾನ್ಸ್‌ನ್ಯಾಗೂ ಈ ಕ್ವಿಟ್‌ಲೈನ್‌ದ ಒಂದು ಕೇಂದ್ರ ಅದ. ಕೋಥ್ರೂಡ್‌ನ್ಯಾಗ 3,500 ಕೊಟ್ಟು ಹಿಂದಿಯೊಳಗ ಕೇಳಿದ್ದರಾಗ ಅರ್ಧ ಇಲ್ಲಿ ಪುಕ್ಕಟ ಕನ್ನಡದಾಗ ಸಿಕ್ತು: ಒಂದು ತಾರೀಖು ಗೊತ್ತು ಮಾಡ್ರಿ, ಎಳೀಬೇಕು ಅನ್ನಿಸಿದ್ರ ಐದು ನಿಮಿಷ ಮುಂದ ಹಾಕ್ರಿ, ನೀರು ಕುಡೀರಿ, ಉದ್ದ ಉಸಿರು ತಗೋರಿ, ಬ್ಯಾರೆ ಕೆಲಸಕ್ಕ ಕೈ ಹಚ್ರಿ. ಕೌನ್ಸೆಲರ್ ಹೆಣ್ಣಮಗಳು, "ಸರ್, ಮನೇಲಿ ಹೇಳಿದ್ದೀರಾ?" ಅಂತ ಬೆಂಗಳೂರು ಕನ್ನಡದಾಗ ಕೇಳಿದ್ಲು, ಮತ್ತ ತಿರುಗಿ ಅವರ ಫೋನ್ ಮಾಡಿ ವಿಚಾರಿಸಿದ್ರು. 12,000ದ ಪ್ಯಾಕೇಜ್‌ನವರು ಮಾಡದ ಕೆಲಸ ಇದು.

ಹಂಗಾದ್ರ ಹೋಗಬೇಕೋ ಬ್ಯಾಡೋ? ಸಿಗರೇಟ್ ಸೇದೋರು, ಅದೂ ಚಹಾದ ಜೋಡಿ, ಊಟದ ಮ್ಯಾಲ, ಕುಡಿಯೂವಾಗ, ಹಿಂಗ ಹೊತ್ತು ಗೊತ್ತಿಗೆ ಸೇದೋರು ಒಂದೆರಡು ಸೆಷನ್‌ಗೆ ಹೋಗ್ರಿ, ಉಪಯೋಗ ಆಗಬಹುದು. ವೇಪ್‌ನವರು, ಎದ್ದ ಕೂಡ್ಲೆ ಎಳಿಯೋರು, ಮೊದ್ಲ ಚೆಸ್ಟ್ ಡಾಕ್ಟ್ರ ಕಡೆ, ಆಮ್ಯಾಲ ಬೇಕಂದ್ರ ಇಲ್ಲಿ. ಮನಸಿನ ದೊಡ್ಡ ಕಾಯಿಲಿಗೆ ಔಷಧ ತಗೊಳ್ಳೋರು, ಇಲ್ಲದ ದನಿ ಕೇಳೋರು, ತಮ್ಮ ಸೈಕಿಯಾಟ್ರಿಸ್ಟ್‌ನ ಕೇಳದ ಹಿಪ್ನಾಸಿಸ್ ಕಡೆ ಹೋಗಬ್ಯಾಡ್ರಿ. ಬುಕ್ ಮಾಡೂಕಿಂತ ಮೊದ್ಲ ಥೆರಪಿಸ್ಟ್ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದೋ ಅಲ್ಲೋ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್) ರಿಜಿಸ್ಟ್ರೇಶನ್ ಅದನೋ ಇಲ್ಲೋ ಅಂತ ಕೇಳ್ರಿ, ವೀಕೆಂಡ್ ಕೋರ್ಸ್ ಮಾಡಿ ಬೋರ್ಡ್ ಹಾಕಿದವ್ರೂ ಅದಾರ. ವೇಪ್ ಕೇಸ್ ಮೊದ್ಲ ಮಾಡೀರೇನು, ಮಾಡಿದ್ರ ಹೆಂಗ ಅಳೀತೀರಿ ಅಂತನೂ ಕೇಳ್ರಿ, "ಊದಿಸಿ ನೋಡ್ತೇವಿ" ಅಂದ್ರ ಫೋನ್ ಇಡ್ರಿ.

ಉಳದದ್ದು: ಕೆಳಗ ಪಾರ್ಕಿಂಗ್ ಇಲ್ಲ, ಟೂ ವ್ಹೀಲರ್‌ನ ಒಯ್ರಿ, ಕಾರು ಒಯ್ದ್ರ ಟ್ರಾಫಿಕ್‌ನವರು ಎತ್ತಿಕೊಂಡು ಹೋಗ್ತಾರ. ಶನಿವಾರ ಸಂಜಿ ಬ್ಯಾಡ, ಬಾಜೂಕಿನ ಮಂಗಲ ಕಾರ್ಯಾಲಯದಾಗ ಲಗ್ನ ಇದ್ರ ಬ್ಯಾಂಡ್‌ನವರ ಮುಂದ ಯಾವ ಹಿಪ್ನಾಸಿಸ್‌ನೂ ನಡಿಯೂದಿಲ್ಲ. ರಸೀದಿ ಕೇಳಿ ತಗೋರಿ, ಕೇಳದಿದ್ರ ಕೊಡೂದಿಲ್ಲ.